ಕತ್ರಿ ಕೈಗೆ ಹತ್ತೋವರೆಗೂ: ಹೇರ್ ಡ್ರೆಸಿಂಗ್ ಕಲಿಯೋವಾಗ ನಾನು ಬಿಡದೆ ನಿಂತಿದ್ದು ಹೆಂಗೆ

ಹೇರ್ ಡ್ರೆಸಿಂಗ್ ಕಲಿಯೋಕೆ ಸೇರಿದ ಹೊಸದ್ರಲ್ಲಿ ಎಲ್ಲರಿಗೂ ಹುಮ್ಮಸ್ಸು ಇರುತ್ತೆ, ಹೊಸ ಏಪ್ರನ್, ಹೊಸ ಕತ್ರಿ, ಸ್ಟೇಟಸ್‌ಗೆ ಒಂದು ಫೋಟೋ. ಎರಡು ಮೂರು ತಿಂಗ್ಳು ಕಳೆಯೋ ಹೊತ್ಗೆ ಅದೆಲ್ಲ ಇಳಿದು ಹೋಗಿರುತ್ತೆ. ಈಗ ನಾನು ಕೆಲ್ಸ ಮಾಡೋ ಮೈಸೂರಿನ ಸಲೂನ್‌ಗೆ ಟ್ರೈನಿಂಗ್‌ಗೆ ಬರೋ ಹುಡುಗೀರು "ಅಕ್ಕ, ಕೈಗೆ ಹತ್ತುತ್ತಾನೇ ಇಲ್ಲ, ಬಿಟ್ಬಿಡ್ಲಾ" ಅಂತ ಕೇಳೋದು ಹೆಚ್ಚುಕಮ್ಮಿ ಈ ಟೈಮಲ್ಲೇ. ನಾನೂ ಅದೇ ಮಾತು ನಮ್ಮನೇಲಿ ಆಡಿದ್ದೆ. ಆ ದಿನಗಳನ್ನ ಹೆಂಗೆ ದಾಟಿದೆ ಅಂತ ಬರೀತಿದೀನಿ, ಈಗ ಕಲಿತಾ ಇರೋರಿಗೆ ಉಪಯೋಗ ಆಗ್ಬಹುದು.

ನಮ್ದು ಪಾಂಡವಪುರದ ಕಡೆ ಹಳ್ಳಿ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂತಲ್ಲ, ನಾನು ಸೇರಿದ್ದು ಅದೇ ವರ್ಷ, ಬಸ್ ಚಾರ್ಜ್ ಉಳಿಯುತ್ತೆ ಅನ್ನೋದೊಂದು ಧೈರ್ಯ. ಶ್ರೀರಂಗಪಟ್ಟಣದ ಮೇಲೆ ಬಂದು ಸಬರ್ಬನ್ ಬಸ್ ಸ್ಟ್ಯಾಂಡಲ್ಲಿ ಇಳಿದು ಅಲ್ಲಿಂದ ಸಿಟಿ ಬಸ್ ಹಿಡಿದು ಕುವೆಂಪುನಗರ, ದಿನಪೂರ್ತಿ ನಿಂತು ಮಾಡೋ ಕೆಲ್ಸ, ಸಾಯಂಕಾಲ ವಾಪಸ್ ಬರೋವಾಗ ಬಸ್ಸಲ್ಲೂ ಸೀಟಿರಲ್ಲ. ಊರಲ್ಲಿ ಕೆಲವರು "ಡಿಗ್ರಿ ಓದ್ಬುಟ್ಟು ಕೂದ್ಲು ಕತ್ರಿಸಕ್ಕೆ ಹೋಯ್ತಾಳಂತೆ" ಅಂದ್ರು. ಅದಕ್ಕೆ ನನಗೆ ಅಷ್ಟು ಬೇಜಾರಾಗ್ಲಿಲ್ಲ, ಅನ್ನೋರು ಅಂತಾರೆ. ಬೇಜಾರಾಗ್ತಿದ್ದಿದ್ದು ಡಮ್ಮಿ (ಕಟಿಂಗ್ ಕಲಿಯೋಕೆ ಇಡೋ, ಕೂದ್ಲಿರೋ ಬೊಂಬೆ ತಲೆ) ಮುಂದೆ ನಿಂತಾಗ. ಮೇಡಂ ಮಾಡಿ ತೋರ್ಸಿದ್ರೆ ನೀರು ಕುಡಿದಷ್ಟು ಸಲೀಸು, ಅದನ್ನೇ ನಾವು ಮಾಡಿದ್ರೆ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ. ಎಷ್ಟು ಸಲ ಮಾಡಿದ್ರೂ ಹಂಗೇ. ಅಮ್ಮ ನನ್ನ ಮುಖ ನೋಡಿ "ಆಗ್ದಿದ್ರೆ ಬುಟ್ಬುಡು ಮಗ, ಯಾರೇನಂದ್ಕತಾರೆ ಅಂತ ನೋಡ್ಬೇಡ" ಅಂದಿದ್ರು. ಅಮ್ಮ ಹಂಗಂದಿದ್ದೇ ಒಂದು ಸಮಾಧಾನ, ಬಿಡೋಕೆ ದಾರಿ ಇದೆ ಅಂತ ಗೊತ್ತಾದ್ಮೇಲೆ ಇನ್ನೊಂದ್ ಸ್ವಲ್ಪ ದಿನ ನೋಡಣ ಅನ್ನಿಸ್ತು.

ಮೋಟಿವೇಶನ್ ವಿಡಿಯೋಗಳನ್ನ ನಾನೂ ತುಂಬಾ ನೋಡಿದೀನಿ. ಅದ್ರ ಕಾವು ಬಸ್ ಇಳಿಯೋವರೆಗೂ ಇರುತ್ತೆ, ಡಮ್ಮಿ ಮುಂದೆ ಬರಲ್ಲ. ನನಗೆ ಕೆಲ್ಸಕ್ಕೆ ಬಂದಿದ್ದು ನಮ್ಮ ಮೇಡಂ ಇಟ್ಟಿದ್ದ ಒಂದು ರೂಲು. ಕಟ್ ಮುಗಿಸಿ "ಚೆನ್ನಾಗ್ ಬಂದಿಲ್ಲ ಮೇಡಂ" ಅಂದ್ರೆ ಅವ್ರು ಒಪ್ತಿರಲಿಲ್ಲ. "ಎಲ್ಲಿ ಚೆನ್ನಾಗಿಲ್ಲ, ಯಾಕೆ ಹಂಗಾಯ್ತು, ಅದನ್ನ ಹೇಳು" ಅಂತಿದ್ರು. ಮೊದಲು ಸಿಟ್ಟು ಬರ್ತಿತ್ತು, ಗೊತ್ತಿದ್ರೆ ಸರಿ ಮಾಡ್ತಿರಲಿಲ್ವಾ ಅಂತ. ಆದ್ರೆ ನಿಧಾನಕ್ಕೆ ಗೊತ್ತಾಯ್ತು, ನನ್ನ ಕುಗ್ಗಿಸ್ತಾ ಇದ್ದಿದ್ದು ಕಟ್ ಕೆಡೋದಲ್ಲ, ಯಾಕೆ ಕೆಡ್ತಿದೆ ಅಂತ ತಿಳೀದೇ ಇರೋದು. ಕಾರಣ ಗೊತ್ತಾಗದೆ ಇದ್ದಾಗ ಮನುಷ್ಯ "ನನ್ನ ಕೈಯೇ ಸರಿಯಿಲ್ಲ" ಅಂದ್ಕೋತಾನೆ. ಕಾರಣ ಗೊತ್ತಾದ್ರೆ ನಾಳೆ ಮಾಡೋಕೆ ಒಂದು ಕೆಲ್ಸ ಸಿಗುತ್ತೆ.

ಒಂದೆರಡು ಉದಾಹರಣೆ ಬಿಡಿಸಿ ಹೇಳ್ತೀನಿ. ಕಲಿಯೋರಿಗೆ ಮೊದಲು ಕೊಡೋದು ಒನ್ ಲೆಂತ್ ಕಟ್, ಕೂದ್ಲನ್ನ ಎತ್ತದೆ ಝೀರೋ ಡಿಗ್ರೀಲಿ ಇಳಿಬಿಟ್ಟು ಒಂದೇ ಗೆರೆಗೆ ಕತ್ರಿಸೋದು. ನೋಡೋಕೆ ಸುಲಭ, ಮಾಡೋಕೆ ಅಷ್ಟೇ ಕಷ್ಟ, ಯಾಕಂದ್ರೆ ಇಲ್ಲಿ ಮೆಟ್ಲುಮೆಟ್ಲಾಗಿ ಕತ್ರಿಸೋ ಲೇಯರ್ ಥರ ಮುಚ್ಚಿಡೋಕೆ ಏನೂ ಇಲ್ಲ, ಗೆರೆ ಎಲ್ಲಾನೂ ತೋರ್ಸುತ್ತೆ. ನನಗೆ ಯಾವಾಗ್ಲೂ ಬಲಗಡೆ ಉದ್ದ ಉಳಿಯೋದು. ನನ್ನ ಕಣ್ಣೇ ಸರಿಯಿಲ್ವೇನೋ ಅನ್ಕೊಂಡಿದ್ದೆ. ಮೇಡಂ "ನಿನ್ನ ಕಾಲು ಎಲ್ಲಿದೆ ನೋಡ್ಕೋ" ಅಂದ್ರು. ನಾನು ಎಡಗಡೆ ಒಂದೇ ಜಾಗದಲ್ಲಿ ನಿಂತ್ಕೊಂಡು ಬಲಗಡೆ ಕೂದ್ಲನ್ನ ನನ್ನ ಕಡೆಗೆ ಎಳ್ಕೊಂಡು ಕತ್ರಿಸ್ತಿದ್ದೆ. ಹಂಗೆ ಎಳೆದಾಗ ದೂರದ ಕೂದ್ಲು ಜಾಸ್ತಿ ದಾರಿ ಬರ್ಬೇಕು, ಬಿಟ್ಟ ತಕ್ಷಣ ಅದು ತನ್ನ ಜಾಗಕ್ಕೆ ಹೋಗಿ ಉದ್ದ ಕಾಣುತ್ತೆ. ಕಣ್ಣಿನದೂ ಅಲ್ಲ ಕತ್ರಿದೂ ಅಲ್ಲ, ಕಾಲು ಸರಿಸ್ಬೇಕಿತ್ತು ಅಷ್ಟೇ. ಕತ್ರಿಸೋ ಸೆಕ್ಷನ್ ಎದುರಿಗೆ ಸರಿಯಾಗಿ ನಿಂತ್ಕೊಳ್ಳೋದು ರೂಢಿ ಆದ್ಮೇಲೆ ಆ ತೊಂದ್ರೆ ಹೋಯ್ತು. ಅವತ್ತು ಮನೆಗೆ ಹೋಗೋವಾಗ ಇದ್ದ ಖುಷಿ ಯಾವ ಸರ್ಟಿಫಿಕೇಟ್ ತಗೊಂಡಾಗ್ಲೂ ಇರ್ಲಿಲ್ಲ.

ಆಮೇಲೆ ಕಿವಿ. ಒದ್ದೆ ಕೂದ್ಲನ್ನ ಕಿವಿ ಮೇಲೆ ಬಿಗಿಯಾಗಿ ಬಾಚಿ ಕತ್ರಿಸಿದ್ರೆ ಗೆರೆ ಸರಿಯಾಗೇ ಇರುತ್ತೆ, ಒಣಗಿಸಿದ್ರೆ ಕಿವಿ ಹತ್ರ ಮಾತ್ರ ಮೇಲಕ್ಕೆ ಹೋಗಿರುತ್ತೆ. ಕಿವಿ ಕೂದ್ಲನ್ನ ಆಚೆ ತಳ್ಳುತ್ತೆ, ಜೊತೆಗೆ ಒದ್ದೆ ಕೂದ್ಲು ಹಿಗ್ಗಿರುತ್ತೆ, ಒಣಗಿದಾಗ ಕುಗ್ಗುತ್ತೆ. ಅದಕ್ಕೆ ಅಲ್ಲಿ ಅಗಲ ಹಲ್ಲಿನ ಬಾಚಣಿಗೆ ತಗೊಂಡು, ಎಳೀದೆ, ಕಿವಿ ಮೇಲಿನ ಕೂದ್ಲನ್ನ ಮೆತ್ತಗೆ ತಟ್ಟಿ ಸಡಿಲ ಬಿಟ್ಟು ಕತ್ರಿಸ್ಬೇಕು. ಗುಂಗುರು ಕೂದ್ಲಾದ್ರೆ ಇನ್ನೂ ಜಾಸ್ತಿ ಬಿಡ್ಬೇಕು. ಇಂಥವನ್ನೆಲ್ಲ ನಾನು ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋದೆ, ಎಡಗಡೆ ಹಾಳೇಲಿ ಏನಾಯ್ತು, ಬಲಗಡೆ ಹಾಳೇಲಿ ಯಾಕಾಯ್ತು. ಪ್ರತಿ ಕಟ್ಟಿಗೂ ಮುಂದೆ, ಹಿಂದೆ, ಎರಡು ಪಕ್ಕ ಫೋಟೋ, ಒಂದೇ ಜಾಗದಲ್ಲಿ ಒಂದೇ ಬೆಳಕಲ್ಲಿ. ಮನಸ್ಸು ಕುಸಿದ ದಿನ ಬೇರೆಯವರ ರೀಲ್ಸ್ ನೋಡೋ ಬದ್ಲು ನನ್ನದೇ ಹಳೇ ಫೋಟೋ ನೋಡ್ತಿದ್ದೆ. ನಾವು ದಿನಾ ನೋಡೋದ್ರಿಂದ ನಮ್ಮ ಬದಲಾವಣೆ ನಮಗೆ ಕಾಣಲ್ಲ, ಫೋಟೋದಲ್ಲಿ ಕಾಣುತ್ತೆ.

ಕತ್ರಿ ಹಿಡಿಯೋದ್ರ ಬಗ್ಗೆ ಒಂದ್ ಮಾತು. ಹೆಬ್ಬೆರಳು ಮಾತ್ರ ಆಡ್ಬೇಕು, ಕೆಳಗಿನ ಬ್ಲೇಡ್ ಅಲ್ಲಾಡ್ಬಾರ್ದು. ಮನೇಲಿ ಕತ್ರಿಸೋಕೆ ಏನೂ ಇಲ್ದೇ ಬರೀ ಗಾಳೀಲಿ ಕತ್ರಿ ಆಡಿಸ್ತಾ ಕೂತಿರ್ತಿದ್ದೆ, ಅಲ್ಲಾಡದ ಬ್ಲೇಡ್‌ನ ಒಂದು ಸ್ಕೇಲ್ ಅಂಚಿಗೆ ಇಟ್ಕೊಂಡು. ಎದುರಿಗೆ ಅಮ್ಮ ಹೂ ಕಟ್ತಾ ಇರೋರು, ಮಾತಾಡ್ತಾ ಟಿವಿ ನೋಡ್ತಾ ಮಾರುಗಟ್ಲೆ ಕಟ್ಟೋರು, ಬೆರಳ ಕಡೆ ಒಂದ್ಸಲಾನೂ ನೋಡ್ತಿರಲಿಲ್ಲ. ಕೈಗೆ ಹತ್ತೋದು ಅಂದ್ರೆ ಅದೇ. ಅದು ಬುದ್ಧಿಗೆ ಅರ್ಥ ಆಗಿ ಎಷ್ಟೋ ದಿನದ ಮೇಲೆ ಬೆರಳಿಗೆ ಬರುತ್ತೆ, ಆ ಮಧ್ಯದ ದಿನಗಳಲ್ಲೇ ಜನ ಬಿಟ್ಟು ಹೋಗೋದು.

ಇನ್ನು ಶಾಂಪೂ ವಾಶ್. ಎಷ್ಟೋ ಜನಕ್ಕೆ ಇದು ಅವಮಾನ ಅನ್ನಿಸುತ್ತೆ, ದುಡ್ಡು ಕೊಟ್ಟು ಸೇರಿ ತಲೆ ತೊಳೀಬೇಕಾ, ಟವಲ್ ಒಗೀಬೇಕಾ, ನೆಲ ಗುಡಿಸ್ಬೇಕಾ ಅಂತ. ಬರೀ ಗುಡಿಸೋಕೆ ಇಟ್ಕೊಂಡು ಏನೂ ಕಲಿಸದೇ ಇರೋ ಜಾಗಗಳೂ ಇವೆ, ನನ್ನ ಜೊತೆಯವಳೊಬ್ಳು ಅಂಥ ಕಡೆ ಫೀಸ್ ಕಟ್ಟಿ ಕಳ್ಕೊಂಡ್ಳು, ಅದನ್ನ ನಾನು ಸರಿ ಅನ್ನಲ್ಲ. ಸೇರೋ ಮುಂಚೆನೇ ಡಮ್ಮಿ ಎಷ್ಟು ಕೊಡ್ತೀರ, ನಿಜವಾದ ತಲೆ ಮೇಲೆ ಯಾವಾಗಿಂದ ಮಾಡಿಸ್ತೀರ ಅಂತ ಬಾಯಿ ಬಿಟ್ಟು ಕೇಳಿ. ಆದ್ರೆ ವಾಶ್ ಮಾಡೋದ್ರಲ್ಲಿ ಕಲಿಯೋದು ತುಂಬಾ ಇದೆ. ಸುಳಿ ಎಲ್ಲಿದೆ, ಒಂದಾ ಎರಡಾ, ಕತ್ತಿನ ಹತ್ರ ಕೂದ್ಲು ಯಾವ ಕಡೆ ತಿರುಗಿದೆ, ನೆತ್ತೀಲಿ ತೆಳ್ಳಗಿದ್ಯಾ, ಇದೆಲ್ಲ ಬೆರಳಿಗೆ ಸಿಗೋದು ಬೇಸಿನ್ ಹತ್ರಾನೇ. ಸುಳಿ ಮೇಲೆ ಗಿಡ್ಡ ಮಾಡಿದ್ರೆ ಕೂದ್ಲು ಎದ್ದು ನಿಲ್ಲುತ್ತೆ, ಅದು ಮೊದಲೇ ಗೊತ್ತಿದ್ರೆ ಅಲ್ಲಿ ಉದ್ದ ಬಿಡ್ತೀವಿ. ನಮ್ಮ ಕಡೆಯಿಂದ ಬರೋ ಹೆಂಗಸ್ರು ತಲೆತುಂಬಾ ಎಣ್ಣೆ ಹಚ್ಕೊಂಡಿರ್ತಾರೆ, ಅವ್ರಿಗೆ ಎರಡು ಸಲ ಶಾಂಪೂ ಬೇಕು, ಬೋರ್‌ವೆಲ್ ಗಡಸು ನೀರಾದ್ರೆ ನೊರೆನೂ ಸರಿಯಾಗಿ ಬರಲ್ಲ. ಕಸ್ಟಮರ್ ಜೊತೆ ಮಾತಾಡೋ ಭಯ ಹೋಗೋದೂ ಇಲ್ಲೇ, ಕಣ್ಣು ಮುಚ್ಕೊಂಡು ಮಲಗಿರ್ತಾರಲ್ಲ.

ಪ್ರಾಕ್ಟೀಸ್‌ಗೆ ಟೈಮ್ ಸಿಗ್ಲಿಲ್ಲ ಅನ್ನೋರಿಗೆ ಮಂಗಳವಾರ ಇದೆ. ನಮ್ಮ ಕಡೆ ಜನ ಮಂಗಳವಾರ ಕಟಿಂಗ್ ಮಾಡ್ಸಲ್ಲ, ಗಂಡಸರ ಕಟಿಂಗ್ ಶಾಪ್‌ಗಳು ಎಷ್ಟೋ ಅವತ್ತು ಬಾಗ್ಲೇ ತೆಗಿಯಲ್ಲ, ತೆಗೆದಿರೋ ಸಲೂನ್‌ಗಳಲ್ಲೂ ಖಾಲಿ. ಆಷಾಢದಲ್ಲೂ ಮದುವೆ ಇಲ್ದೇ ಕೆಲ್ಸ ಕಮ್ಮಿ. ಮೇಡಂ ಪರ್ಮಿಶನ್ ಕೇಳಿ ಆ ದಿನಗಳನ್ನ ಪೂರ್ತಿ ಡಮ್ಮಿಗೆ ಇಟ್ಕೊಂಡೆ. ನಿಜವಾದ ಕೂದ್ಲಿನ ಡಮ್ಮಿ ದುಬಾರಿ, ಸಿಂಥೆಟಿಕ್‌ಗೆ ಐರನ್ ಇಟ್ರೆ ಕರಗುತ್ತೆ, ಅದಕ್ಕೆ ನಿಜವಾದ ಕೂದ್ಲಿನದೇ ಒಂದನ್ನ ಆದಷ್ಟು ದಿನ ಬರೋ ಹಂಗೆ ಬಳಸ್ಬೇಕು. ಉದ್ದ ಇರೋವಾಗ ಬರೀ ಅರ್ಧರ್ಧ ಇಂಚು ತೆಗೀತಾ ಒನ್ ಲೆಂತ್, ಆಮೇಲೆ 180 ಡಿಗ್ರಿ, ಅಂದ್ರೆ ನೆಟ್ಟಗೆ ಮೇಲಕ್ಕೆ ಎತ್ತಿ ಲಾಂಗ್ ಲೇಯರ್, ಭುಜಕ್ಕೆ ಬಂದಾಗ 45 ಡಿಗ್ರಿ ಗ್ರಾಜುಯೇಶನ್ (ಕೆಳಗೆ ಗಿಡ್ಡ, ಮೇಲೆ ಹೋದಂಗೆ ಉದ್ದ), ಕೊನೆಗೆ 90 ಡಿಗ್ರಿ ಯೂನಿಫಾರ್ಮ್ ಲೇಯರ್ (ತಲೆ ತುಂಬಾ ಒಂದೇ ಉದ್ದ). ಮೊದಲ್ನೇ ದಿನವೇ ಬಾಬ್ ಮಾಡಿದ್ರೆ ಆ ಡಮ್ಮಿ ಅರ್ಧ ಮುಗೀತು. ಮನುಷ್ಯರ ತಲೆಯಾದ್ರೆ ತಿಂಗಳಿಗೆ ಒಂದು ಸೆಂಟಿಮೀಟರ್‌ನಷ್ಟು ಬೆಳೆಯುತ್ತೆ, ಹಂಗಾಗಿ ಹಾಸ್ಟೆಲ್ ಹುಡುಗೀರಿಗೆ ಫ್ರೀ ಟ್ರಿಮ್ಮಿಂಗ್ ಮಾಡ್ಕೊಡ್ತಿದ್ದೆ, ಅವ್ರೇ ಎರಡು ತಿಂಗ್ಳಿಗೆ ಮತ್ತೆ ಬರೋರು, ನಾನು ಹಿಂದೆ ಮಾಡಿದ್ದು ಬೆಳೆದ್ಮೇಲೆ ಹೆಂಗೆ ಕೂತಿದೆ ಅಂತ ನೋಡೋ ಅವಕಾಶ ಸಿಕ್ತಿತ್ತು. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ ಅಂತ ನನಗನ್ಸುತ್ತೆ.

ಕಲರ್ ಥಿಯರಿ ಬಂದಾಗ ಸುಮಾರು ಜನ ಹೆದರಿ ಬಿಡ್ತಾರೆ. ಡೆವಲಪರ್ (ಕಲರ್ ಜೊತೆ ಕಲಸೋ ಪೆರಾಕ್ಸೈಡ್ ದ್ರಾವಣ) 10 ವಾಲ್ಯೂಮ್ ಅಂದ್ರೆ 3 ಪರ್ಸೆಂಟ್ ಪೆರಾಕ್ಸೈಡ್, 20 ಅಂದ್ರೆ 6, 30 ಅಂದ್ರೆ 9, 40 ಅಂದ್ರೆ 12, ಲೆಕ್ಕ ಅಷ್ಟೇ. ಬಾಯಿಪಾಠ ಮಾಡೋ ಬದ್ಲು ಉದುರಿದ ಕೂದ್ಲ ಎಳೆಗಳನ್ನ ಸಣ್ಣ ಕಟ್ಟು ಕಟ್ಟಿ ಒಂದೊಂದ್ರಲ್ಲಿ ಹಾಕಿ ನೋಡಿದ್ರೆ ಮರೆಯಲ್ಲ. ಮನುಷ್ಯರ ಮೇಲೆ ಹಾಕೋ ಮುಂಚೆ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತಾ ನೋಡೋದು) ಮಾತ್ರ ಯಾರು ಬೇಡ ಅಂದ್ರೂ ಬಿಡ್ಬೇಡಿ.

ಕೈ ಕಾಲಿನ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಮೈ ಸೋತಾಗ ಮನಸ್ಸೂ ಸೋಲುತ್ತೆ, ನಾವು ಅದನ್ನ ಆಸಕ್ತಿ ಹೋಯ್ತು ಅಂತ ತಪ್ಪು ತಿಳ್ಕೋತೀವಿ. ತೆಳು ಚಪ್ಲಿ ಬಿಟ್ಟು ಮೆತ್ತನೆ ಶೂ ಹಾಕ್ಕೊಂಡ್ಮೇಲೆ ನನ್ನ ಸಾಯಂಕಾಲಗಳೇ ಬದಲಾದ್ವು. ಭುಜ ಎತ್ಕೊಂಡು ಕತ್ರಿಸೋ ಬದ್ಲು ಚೇರ್ ಇಳಿಸ್ಬೇಕು. ವಾಶ್‌ಗೂ ಕಲರ್‌ಗೂ ನೈಟ್ರೈಲ್ ಗ್ಲೌಸ್, ಕೈ ತೊಳೆದ ತಕ್ಷಣ ಬೆರಳ ಸಂದಿ ಒರೆಸ್ಕೊಂಡು ಕ್ರೀಮ್. ಬೆರಳು ಬಿರಿದು ತುರಿಕೆ ಶುರುವಾದ್ರೆ ಸಹಿಸ್ಕೊಂಡು ಕೂರ್ಬೇಡಿ, ಚರ್ಮದ ಡಾಕ್ಟ್ರಿಗೆ ತೋರಿಸಿ, ಈ ಕೆಲ್ಸದಲ್ಲಿ ಕೈ ಎಕ್ಸಿಮಾ ಬರೋದು ಮಾಮೂಲಿ. ನನ್ನ ಜೊತೆ ಕಲೀತಿದ್ದ ನಂಜನಗೂಡಿನ ಹುಡುಗಿಗೆ ಕಲರ್ ಅಲರ್ಜಿ ಆಯ್ತು, ಅವಳು ಕಲರ್ ಬಿಟ್ಟು ಮದುವೆ ಹೇರ್‌ಸ್ಟೈಲ್ ಕಡೆಗೆ ಹೋದ್ಳು, ಜಡೆ, ತುರುಬು, ಮೊಗ್ಗಿನ ಜಡೆ ಎಲ್ಲ ಅವಳ ಹತ್ರಾನೇ ಮಾಡಿಸ್ಬೇಕು ಅಂತ ಸೀಸನ್‌ಗೆ ಮುಂಚೆನೇ ಬುಕ್ ಮಾಡ್ತಾರೆ.

ಹಂಗಾಗಿ ಬಿಡ್ಲಾ ಅಂತ ಕೇಳೋ ಹುಡುಗೀರಿಗೆ ನಾನು ತಕ್ಷಣ ಬೇಡ ಅನ್ನಲ್ಲ. ನೋಟ್‌ಬುಕ್ ತಗೊಂಡ್ ಬಾ ಅಂತೀನಿ. ಬಲಗಡೆ ಹಾಳೆ ಖಾಲಿ ಇದ್ರೆ ಇಬ್ರೂ ಡಮ್ಮಿ ಮುಂದೆ ನಿಂತು ಕಾರಣ ಹುಡುಕ್ತೀವಿ, ಮೊದಲು ಕಾಲು ಎಲ್ಲಿದೆ ನೋಡ್ತೀನಿ, ಆಮೇಲೆ ಬೆರಳ ಕೋನ, ಆಮೇಲೆ ಎಳೆತ. ಕಾರಣಗಳೆಲ್ಲ ಬರೆದೂ ಈ ಕೆಲ್ಸ ಇಷ್ಟ ಆಗ್ತಿಲ್ಲ ಅಂದ್ರೆ ಅದು ಬೇರೆ ಮಾತು, ಆಗ ಮನೆಯವರ ಜೊತೆ ನಾನೇ ಮಾತಾಡ್ತೀನಿ. ಇಲ್ಲಿವರೆಗೂ ಹಂಗೆ ಕೇಳಿದವರಲ್ಲಿ ಜಾಸ್ತಿ ಜನರ ಬಲಗಡೆ ಹಾಳೆ ಖಾಲೀನೇ ಇತ್ತು.