ಕೋಯಿ ಕೊಳಕ್ಕೆ ಜಾಗ ಹುಡುಕಿದ್ದು ಜೋರು ಮಳೆಯಲ್ಲಿ

ಹಿತ್ತಲಲ್ಲಿ ಕೋಯಿ, ಅಂದರೆ ಬಣ್ಣಬಣ್ಣದ ಅಲಂಕಾರಿಕ ಕಾರ್ಪ್ ಮೀನು ಸಾಕುವ ಆಸೆ ಬಂದಿದ್ದು ಬೇಸಿಗೆಯಲ್ಲಿ. ಜಾಗ ಗೊತ್ತು ಮಾಡಿದ್ದು ಮಾತ್ರ ಮಳೆ ಹಿಡಿದ ಮೇಲೆ. ಮಡಿಕೇರಿ ಕಡೆ ಒಣಗಿದ ನೆಲ ನೋಡಿ ಕೊಳ ತೋಡಬಾರದು. ಜುಲೈಯಲ್ಲಿ ಕೊಡೆ ಹಿಡಿದು ಹಿತ್ತಲು ಸುತ್ತಿದರೆ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಒರತೆ ಏಳುತ್ತದೆ ಅನ್ನುವುದೆಲ್ಲ ಕಣ್ಣಿಗೇ ಕಾಣುತ್ತದೆ.

ನೋಡಿದವರೆಲ್ಲ ತೋರಿಸಿದ್ದು ತಗ್ಗಿನ ಮೂಲೆಯನ್ನೇ. ನೀರು ತಾನಾಗಿ ಬಂದು ತುಂಬುತ್ತದೆ ಅಲ್ವಾ ಅಂತ. ಆ ನೀರೇ ಕೋಯಿಗೆ ಬೇಡ. ಮೇಲಿನ ತೋಟದಿಂದ ಅದರ ಜೊತೆ ಕೆಂಪು ಮಣ್ಣು, ಗೊಬ್ಬರ ಬರುತ್ತದೆ, ಎಲ್ಲಕ್ಕಿಂತ ಕೆಟ್ಟದ್ದು ಮೈಲುತುತ್ತು ಬರುತ್ತದೆ. ಕಾಫಿಗೆ, ಕರಿಮೆಣಸಿಗೆ ಮಳೆಗೆ ಮುಂಚೆ ಒಮ್ಮೆ, ಮಧ್ಯೆ ಬಿಡುವು ಸಿಕ್ಕರೆ ಇನ್ನೊಮ್ಮೆ ನಾವು ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುತ್ತೇವಲ್ಲ, ಅದರಲ್ಲಿರುವ ತಾಮ್ರ ಮೀನಿಗೆ ವಿಷ. ನೀರು ಮೆದುವಾದಷ್ಟೂ, ಅಂದರೆ ಅದರಲ್ಲಿ ಸುಣ್ಣದಂಥ ಲವಣ ಕಡಿಮೆಯಾದಷ್ಟೂ ಆ ವಿಷ ಜಾಸ್ತಿ, ಮಳೆನೀರಂತೂ ತೀರಾ ಮೆದು. ಹಾಗಾಗಿ ಮೆಣಸಿನ ಬಳ್ಳಿಯಿಂದ ದೂರ, ಗಾಳಿಗೆ ಸ್ಪ್ರೇ ಹಾರಿ ಬರದ ಕಡೆಯೇ ಆಗಬೇಕು ಅಂತ ಪಟ್ಟು ಹಿಡಿದೆ. ಕೊಳದ ಅಂಚನ್ನು ನೆಲಕ್ಕಿಂತ ಒಂದು ಅಡಿ ಎತ್ತರಿಸಿ, ಮೇಲ್ಗಡೆ ಚರಂಡಿ ತೆಗೆಸಿದೆ.

ತಗ್ಗಲ್ಲಿ ಒರತೆಯ ಕಾಟವೂ ಇದೆ. ನೀರು ಸೋರದ ಹಾಳೆ (ಲೈನರ್) ಹಾಸಿದ ಕೊಳವಾದರೆ ಅಡಿಯಿಂದ ನೀರು ಒತ್ತಿ ಹಾಳೆಯನ್ನು ಪೂರಿಯ ಹಾಗೆ ಉಬ್ಬಿಸಿಬಿಡುತ್ತದೆ.

ಹಾಗಂತ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯ ಅಂಚಿಗೂ ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. 10 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ಕೊಳದಲ್ಲಿ ಸುಮಾರು 9,000 ಲೀಟರ್ ನೀರು ಹಿಡಿಯುತ್ತದೆ, ಅಂದರೆ 9 ಟನ್ ಭಾರ. ಸೋರಿದರೆ ಆ ನೀರೆಲ್ಲ ಬರೆಯ ಒಳಕ್ಕೇ ಇಳಿಯುತ್ತದೆ. 2018ರ ಆಗಸ್ಟ್ ನೋಡಿದ ನಮಗೆ ಬರೆ ಕುಸಿಯುವುದು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಬರೆಯ ಬುಡವೂ ಬೇಡ, ಮನೆಗಿಂತ ಮೇಲಿನ ಇಳಿಜಾರೂ ಬೇಡ.

ಕೊನೆಗೆ ಉಳಿದದ್ದು ಜಗಲಿ ಮುಂದಿನ ಸಮತಟ್ಟು ಜಾಗ. ನನಗೆ ಅದೇ ಬೇಕಿತ್ತು ಅನ್ನಿ. ಕೋಯಿಯ ಬಣ್ಣ ಪೂರ್ತಿ ಕಾಣುವುದು ಮೇಲಿಂದ ನೋಡಿದಾಗ, ಕಾಫಿ ಲೋಟ ಹಿಡಿದು ಕೂತಲ್ಲಿಂದಲೇ ಕಾಣಬೇಕು. ಜನ ಓಡಾಡುವ ಕಡೆ ಬೆಳ್ಳಕ್ಕಿ ಇಳಿಯುವುದೂ ಕಡಿಮೆ. ಆದರೂ ಅದು ಕಾಲೂರಿ ನಿಲ್ಲದ ಹಾಗೆ ಗೋಡೆಯನ್ನು ನೆಟ್ಟಗೆ ಇಳಿಸಿದ್ದೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ! ಮೀನಿಗೆ ಉಸಿರಾಡಲು ಏರ್ ಪಂಪ್ ನಿಲ್ಲಬಾರದು, ಅದಕ್ಕೆ ಮನೆಯ ಇನ್ವರ್ಟರ್‌ನಿಂದ ವೈರ್ ಎಳೆಯುವಷ್ಟು ಹತ್ತಿರ ಇರಲೇಬೇಕು.

ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನ ಮನೆಯ ನೆರಳು. ಮರದ ಕೆಳಗಿನ ನೆರಳಿಗಿಂತ ಇದು ಎಷ್ಟೋ ವಾಸಿ. ಸಿಲ್ವರ್ ಓಕ್, ಹಲಸಿನ ಎಲೆ ಬಿದ್ದು ತಳದಲ್ಲಿ ಕೊಳೆತರೆ ನೀರು ಕೆಡುತ್ತದೆ, ಬೇರು ಗೋಡೆ ಸೀಳುತ್ತದೆ.

ಒಂದೇ ತೊಡಕು ಹೆಂಚಿನ ಸೂರಿನ ನೀರು. ಅದು ನೇರ ಕೊಳಕ್ಕೆ ಬೀಳುತ್ತಿತ್ತು. ದಬ್ಬೆ ಕಟ್ಟಿ ಪಕ್ಕಕ್ಕೆ ತಿರುಗಿಸಿದೆ. ಕೊಳ ತುಂಬಿ ಹೆಚ್ಚಾದ ನೀರಿಗೂ ಒಂದು ಪೈಪ್ ಇಟ್ಟು, ಬಾಯಿಗೆ ಜಾಲರಿ ಹಾಕಿ, ಎರಡನ್ನೂ ಅಂಗಳದ ಚರಂಡಿಗೇ ಸೇರಿಸಿದ್ದೇನೆ.