ದೊಡ್ಡ ರಿಪೇರಿ ಆದ ಮೇಲೆ ಹಳೇ ಕಾರನ್ನು ಇಟ್ಟುಕೊಂಡೆ: ನಾನು ಹಾಕಿದ ಲೆಕ್ಕ

ಗ್ಯಾರೇಜಿನಿಂದ ಕಾರು ಮನೆಗೆ ತರುವಾಗ ನನಗೆ ಖುಷಿಯೇ ಆಗಲಿಲ್ಲ. ಕಾರು ಚೆನ್ನಾಗಿಯೇ ಓಡುತ್ತಿತ್ತು. ಟೆಂಪರೇಚರ್ ಮುಳ್ಳು ಅರ್ಧಕ್ಕೆ ಬಂದು ನಿಂತಿತ್ತು, ಕ್ಲಚ್ ಹಗುರವಾಗಿತ್ತು. ಆದರೆ ಪಕ್ಕದ ಸೀಟಿನ ಮೇಲೆ ಬಿಲ್ಲು ಇತ್ತು. 5 ತಿಂಗಳಲ್ಲಿ ಅದು ಎರಡನೇ ದೊಡ್ಡ ಬಿಲ್ಲು.

ಪೆಟ್ರೋಲ್ ಕಾರು, 9 ವರ್ಷ ಹಳೆಯದು. ನಾನು ಕೊಂಡಾಗಲೇ ಸೆಕೆಂಡ್ ಹ್ಯಾಂಡ್. ಓಡಿದ್ದು 1,12,000 ಕಿಲೋಮೀಟರ್. ಮೊದಲು ಕೈಕೊಟ್ಟಿದ್ದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ. ಎಂಜಿನ್ ತಂಪಾಗಿಡುವ ಕೂಲಂಟ್ ದ್ರವ ಕಡಿಮೆಯಾಗುತ್ತಲೇ ಇತ್ತು, ಆದರೆ ಕಾರಿನ ಕೆಳಗೆ ಒಂದು ಹನಿ ಬಿದ್ದ ಗುರುತೂ ಇಲ್ಲ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುತ್ತಿರಲಿಲ್ಲ. ಮೆಕ್ಯಾನಿಕ್ ರೇಡಿಯೇಟರ್ ಬಾಯಿಗೆ ಒಂದು ಸಣ್ಣ ಕೊಳವೆ ಇಟ್ಟು, ಅದರಲ್ಲಿ ನೀಲಿ ದ್ರಾವಣ ಹಾಕಿ ಪರೀಕ್ಷೆ ಮಾಡಿದರು. ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ನಮ್ಮ ಕಣ್ಣೆದುರೇ ತಿರುಗಿತು. ಹೆಡ್ ಬಿಚ್ಚಬೇಕಾಯಿತು.

ಅದಾಗಿ ನಾಲ್ಕು ತಿಂಗಳಿಗೆ ಕ್ಲಚ್ ಹೋಯಿತು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತಿತ್ತು, ಕಾರಿನ ವೇಗ ಏರುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಹೇಳಿದಳು: "ಸಾಕಪ್ಪಾ, ಮಾರಿಬಿಡೋಣ. ಎಷ್ಟು ದುಡ್ಡು ತಿಂತು ಇದು!" ಗೆಳೆಯನೊಬ್ಬ ಪೂರ್ತಿ ಉಲ್ಟಾ ಹೇಳಿದ: "ಇಷ್ಟು ಸುರಿದ ಮೇಲೆ ಯಾರಾದ್ರೂ ಮಾರ್ತಾರಾ?" ಎರಡು ದಿನ ಈ ಎರಡೂ ಮಾತು ತಲೆಯಲ್ಲಿ ಸುತ್ತಿದವು. ಆಮೇಲೆ ಹೊಳೆಯಿತು, ಇಬ್ಬರೂ ಹೇಳುತ್ತಿರುವುದು ಆ ಬಿಲ್ಲಿನ ವಿಷಯವನ್ನೇ. ಕಾರಿನ ವಿಷಯ ಇಬ್ಬರೂ ಹೇಳಿಲ್ಲ. ಕೊಟ್ಟ ದುಡ್ಡು ಕೊಟ್ಟಾಯಿತು. ಕಾರು ಇಟ್ಟುಕೊಂಡರೂ ಅದು ವಾಪಸ್ ಬರುವುದಿಲ್ಲ, ಮಾರಿದರೂ ಬರುವುದಿಲ್ಲ. ಆದರೆ ಆ ದುಡ್ಡಿನಿಂದ ಒಳಗೆ ಕೂತಿರುವ ಹೊಸ ಸಾಮಾನು ಇದೆಯಲ್ಲ, ಅದು ನಿಜ. ಅದು ಇನ್ನು ಮುಂದೆ ಕೆಲಸ ಮಾಡುತ್ತದೆ. ದುಡ್ಡನ್ನು ಮರೆಯಬೇಕು, ಸಾಮಾನನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಎರಡನ್ನು ಬೇರೆ ಮಾಡಿದ ಮೇಲೆಯೇ ನನಗೆ ನೆಟ್ಟಗೆ ಯೋಚಿಸಲು ಆಗಿದ್ದು.

ಒಂದು ನೋಟ್‌ಬುಕ್ ತೆಗೆದುಕೊಂಡು ಎರಡೂ ಬಿಲ್ಲುಗಳನ್ನು ಸಾಲು ಸಾಲಾಗಿ ಓದಿದೆ. ಓದಿ ಆಶ್ಚರ್ಯವಾಯಿತು. ಹೆಡ್ ಎತ್ತಬೇಕೆಂದರೆ, ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ನಡೆಸುವ ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಬೇಕು. ಹಾಗಾಗಿ ಹೊಸ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪ್ ಎಲ್ಲ ಅದೇ ಕೆಲಸದಲ್ಲಿ ಬಿದ್ದಿದ್ದವು. ಹೆಡ್ ಫೇಸಿಂಗ್, ಅಂದರೆ ಹೆಡ್ಡಿನ ತಳವನ್ನು ಉಜ್ಜಿ ಸಮ ಮಾಡುವ ಕೆಲಸವೂ ಆಗಿತ್ತು. ಕ್ಲಚ್‌ಗೆ ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಜೊತೆಗೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಬದಲಾಯಿಸಿದ್ದರು. ಆ ಬೆಲ್ಟ್ ಮುಂದಿನ ವರ್ಷ ಹೇಗೂ ಬದಲಾಯಿಸಬೇಕಿತ್ತು. ನನ್ನ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿದು ಎಂಜಿನ್ ಹಾಳಾಗುತ್ತದೆ. ಅಂದರೆ ಬಿಲ್ಲಿನ ಒಂದು ಭಾಗ ನಷ್ಟವೇ ಅಲ್ಲ, ನಾಳೆಯ ಖರ್ಚು ಇವತ್ತೇ ಬಂದಿತ್ತು ಅಷ್ಟೆ.

ಇನ್ನೂ ಏನೇನು ಕೆಡಬಹುದು ಎಂಬುದು ಬಿಲ್ಲಿನಲ್ಲಿ ಇರುವುದಿಲ್ಲ. ಅದಕ್ಕೆ ಕಾರನ್ನು ಬೇರೊಬ್ಬ ಮೆಕ್ಯಾನಿಕ್ ಬಳಿ ಒಯ್ದೆ. ರಿಪೇರಿ ಮಾಡಿದವರು ಕೆಟ್ಟವರು ಅಂತಲ್ಲ. ತಮ್ಮ ಕೆಲಸವನ್ನು ತಾವೇ ನೋಡುವಾಗ ಯಾರ ಕಣ್ಣಾದರೂ ಸ್ವಲ್ಪ ಮೆತ್ತಗಾಗುತ್ತದೆ. ಈ ಹೊಸ ಮೆಕ್ಯಾನಿಕ್‌ಗೆ ಮೊದಲೇ ಹೇಳಿದೆ: "ಇವತ್ತು ಏನೂ ರಿಪೇರಿ ಬೇಡ. ಬರೀ ನೋಡಿ ಹೇಳಿ, ನೋಡಿದ್ದಕ್ಕೆ ದುಡ್ಡು ಕೊಡ್ತೀನಿ." ಈ ಮಾತಿನಿಂದ ತುಂಬ ಅನುಕೂಲವಾಯಿತು. ರಿಪೇರಿ ಕೆಲಸ ಸಿಗುವುದಿಲ್ಲ ಎಂದು ಗೊತ್ತಿದ್ದವರಿಗೆ ಹೆದರಿಸುವ ಕಾರಣ ಇರುವುದಿಲ್ಲ ಅಲ್ವಾ?

ಲಿಫ್ಟ್ ಮೇಲೆ ಏರಿಸಿ ಮುಕ್ಕಾಲು ಗಂಟೆ ನೋಡಿದರು. ನಾನೂ ಕೆಳಗೆ ನಿಂತು ಟಾರ್ಚ್ ಹಿಡಿದೆ. ಮೊದಲು ತುಕ್ಕು. ಬಾಗಿಲ ಅಂಚಿನ ತುಕ್ಕು ನೋಡಲು ಅಸಹ್ಯ, ಅಷ್ಟೇ. ಆದರೆ ಸಸ್ಪೆನ್ಷನ್ ಕೂರುವ ಜಾಗ, ಬಾಗಿಲ ಕೆಳಗಿನ ಪಟ್ಟಿಯಾದ ಸಿಲ್, ಚಾಸಿ, ಇಲ್ಲಿ ತಗಡು ತೂತಾಗಿದ್ದರೆ ಕಥೆ ಬೇರೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿದರು. ಎಲ್ಲ ಕಡೆ ಗಟ್ಟಿ ಸದ್ದು. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಬರುತ್ತದೆ ಎಂದು ಅಳೆಯುವುದು. ನಾಲ್ಕು ಸಿಲಿಂಡರಿನಲ್ಲಿ 12.1, 12, 11.8, 12.1 ಬಾರ್ ಬಂತು. ಒಂದಕ್ಕೊಂದು ಶೇ. 10ರ ಒಳಗೆ ಇದ್ದರೆ ಎಂಜಿನ್ ಸಮವಾಗಿ ಸವೆದಿದೆ ಎಂದು ತಿಳಿಯಬಹುದು. ನೀಲಿ ದ್ರಾವಣದ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿಸಿದೆ. ಈ ಸಲ ನೀಲಿ ನೀಲಿಯಾಗಿಯೇ ಉಳಿಯಿತು. ಆಗ ನನಗೆ ಆದ ಸಮಾಧಾನ ಹೇಳತೀರದು.

ಕೆಟ್ಟ ಸುದ್ದಿಯೂ ಇತ್ತು. ಮುಂದಿನ ಎರಡೂ ಲೋಯರ್ ಆರ್ಮ್ ಬುಷ್, ಅಂದರೆ ಚಕ್ರ ಹಿಡಿದಿಡುವ ಸಸ್ಪೆನ್ಷನ್ ತೋಳಿನ ಕೀಲಿನ ರಬ್ಬರ್, ಹರಿದಿದ್ದವು. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದವು, ಆದರೆ ಪಕ್ಕದಲ್ಲಿ ಬರೆದ ನಾಲ್ಕಂಕಿಯ ದಿನಾಂಕ ಹಳೆಯದಾಗಿತ್ತು. ಆ ಅಂಕಿ 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು ಎಂದರ್ಥ. ರಬ್ಬರ್ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಬ್ರೇಕ್ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರಿಕೊಳ್ಳುವ ದ್ರವ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎರಡನೇ ಗೇರಿಗೆ ಹಾಕುವಾಗ ಎಲ್ಲೋ ಒಮ್ಮೊಮ್ಮೆ ಸಣ್ಣ ಕರಕರ. "ಇದರ ಮೇಲೆ ಒಂದು ಕಣ್ಣಿಟ್ಟಿರಿ" ಎಂದರು.

ಈಗ ದುಡ್ಡಿನ ಲೆಕ್ಕ. ಬೆಲೆ ಎಲ್ಲ ಕಡೆ ಒಂದೇ ಇರುವುದಿಲ್ಲ, ಅದಕ್ಕೆ ನೂರರ ಲೆಕ್ಕದಲ್ಲಿ ಹೇಳುತ್ತೇನೆ. ರಿಪೇರಿಯಾದ ನನ್ನ ಕಾರನ್ನು ನೇರವಾಗಿ ಯಾರಿಗಾದರೂ ಮಾರಿದರೆ ಸಿಗುವ ಹಣ 100 ಎಂದು ಇಟ್ಟುಕೊಳ್ಳಿ. ಮೂವರು ಡೀಲರ್‌ಗಳನ್ನು ಕೇಳಿದೆ. 78, 82, 75 ಎಂದರು. ಎರಡೂ ರಿಪೇರಿಗೆ ಆಗಿದ್ದು 41. ಹೊಸ ಕ್ಲಚ್, ಹೊಸ ಬೆಲ್ಟ್ ಎಂದು ಬಿಲ್ಲು ತೋರಿಸಿದೆ. ಯಾರೂ ಅದಕ್ಕೆಂದು ಜಾಸ್ತಿ ಕೊಡಲು ಒಪ್ಪಲಿಲ್ಲ. ಕೊಳ್ಳುವವರ ದೃಷ್ಟಿಯಲ್ಲಿ ಕಾರು ಓಡುವುದು ಸಹಜ, ಅದಕ್ಕೆ ಬೇರೆ ಬಹುಮಾನ ಯಾಕೆ? ಹೊಸ ಸಾಮಾನಿನ ಪೂರ್ತಿ ಉಪಯೋಗ ಸಿಗುವುದು ಅದನ್ನು ಓಡಿಸುವವರಿಗೆ.

ಇಟ್ಟುಕೊಂಡರೆ ಮುಂದಿನ ಒಂದು ವರ್ಷಕ್ಕೆ ಎಷ್ಟು? ಟೈರ್, ಬುಷ್, ಬ್ರೇಕ್ ಆಯಿಲ್, ಮಾಮೂಲಿ ಸರ್ವೀಸ್ ಸೇರಿ 24. ಗೊತ್ತಿಲ್ಲದ ಖರ್ಚಿಗೆ ಇನ್ನೊಂದು 10. ವರ್ಷದಲ್ಲಿ ಕಾರಿನ ಬೆಲೆ ಇಳಿಯುವುದು ಸುಮಾರು 12. ಒಟ್ಟು 46.

ಮಾರಿ ಬೇರೆ ಕೊಂಡರೆ? ಇಲ್ಲೇ ತುಂಬ ಜನ ತಪ್ಪು ಲೆಕ್ಕ ಹಾಕುತ್ತಾರೆ, ನಾನೂ ಮೊದಲು ಹಾಗೇ ಹಾಕಿದ್ದೆ. 100ಕ್ಕೆ ಸಿಗುವ ಇನ್ನೊಂದು ಕಾರು ನನ್ನದರಂಥದ್ದೇ ಇರುತ್ತದೆ. ಒಂದೇ ವ್ಯತ್ಯಾಸ, ಅದರ ಗ್ಯಾಸ್ಕೆಟ್, ಕ್ಲಚ್, ಬೆಲ್ಟ್ ಯಾವ ಸ್ಥಿತಿಯಲ್ಲಿವೆ ಎಂದು ನನಗೆ ಗೊತ್ತಿರುವುದಿಲ್ಲ. ನಿಜವಾಗಿಯೂ ಒಳ್ಳೆಯದು ಬೇಕೆಂದರೆ ನಾನು ನೋಡಿದ ಕಾರುಗಳು 220ರ ಹತ್ತಿರ ಇದ್ದವು. ಕಾರು ಎಷ್ಟು ಹೊಸದೋ ಬೆಲೆ ಇಳಿತವೂ ಅಷ್ಟು ಜೋರು. ಮೊದಲ ವರ್ಷವೇ 30 ಇಳಿಯುತ್ತದೆ ಎಂದು ಹಿಡಿದೆ. ಹೆಸರು ಬದಲಾವಣೆ, ವಿಮೆ, ಸಾಲದ ಬಡ್ಡಿ ಸೇರಿ 22. ಕೊಂಡ ತಕ್ಷಣ ಮಾಡಿಸಬೇಕಾದ ಸರ್ವೀಸಿಗೆ 12. ಒಟ್ಟು 64. ಅಂತರ 18. ಇದು ದೊಡ್ಡ ಅಂತರ ಅಲ್ಲ. ಒಂದೇ ಒಂದು ದೊಡ್ಡ ರಿಪೇರಿ ಬಂದರೂ ಲೆಕ್ಕ ತಲೆಕೆಳಗಾಗುತ್ತದೆ. ಇಟ್ಟುಕೊಂಡರೂ ಕಣ್ಣುಮುಚ್ಚಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಗೊತ್ತಾಯಿತು.

ನಿರ್ಧಾರ ಮಾಡಿ ಒಂದು ವಾರಕ್ಕೇ ಎಂಜಿನ್ ಲೈಟ್ ಹತ್ತಿಕೊಂಡಿತು. ನಿಜ ಹೇಳುತ್ತೇನೆ, ಆ ಸಂಜೆ ಸಿಕ್ಕ ಬೆಲೆಗೆ ಕೊಟ್ಟುಬಿಡೋಣ ಅನ್ನಿಸಿತ್ತು. ಡೀಲರ್‌ಗೆ ಫೋನ್ ಮಾಡಲು ನಂಬರನ್ನೂ ತೆಗೆದಿದ್ದೆ. ರಾತ್ರಿ ಕಳೆಯಲಿ ಎಂದು ತಡೆದೆ. ಬೆಳಿಗ್ಗೆ ಸ್ಕ್ಯಾನರ್ ಹಾಕಿದರೆ ಪಿ0171 ಎಂಬ ಕೋಡ್. ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಯಾವ ಸಾಮಾನು ಬದಲಾಯಿಸಬೇಕು ಎಂದು ಕೋಡ್ ಹೇಳುವುದಿಲ್ಲ, ಎಲ್ಲಿ ಹುಡುಕಬೇಕು ಎಂದಷ್ಟೇ ಹೇಳುತ್ತದೆ. ಹುಡುಕಿದಾಗ ಸಿಕ್ಕಿದ್ದು ಸಡಿಲವಾಗಿ ಕೂತಿದ್ದ ಒಂದು ವ್ಯಾಕ್ಯೂಮ್ ಪೈಪ್. ಹೊರಗಿನ ಗಾಳಿ ಅಲ್ಲಿಂದ ಎಂಜಿನ್ ಒಳಗೆ ನುಗ್ಗುತ್ತಿತ್ತು. ಕ್ಲಿಪ್ ಬಿಗಿ ಮಾಡಿದರು, ಲೈಟ್ ಆರಿತು. ದೊಡ್ಡ ಬಿಲ್ಲು ಕಟ್ಟಿದ ಮೇಲೆ ಮನಸ್ಸು ಪ್ರತಿ ಸದ್ದಿಗೂ ಬೆಚ್ಚುತ್ತದೆ. ಆ ಸಮಯದಲ್ಲಿ ಮಾರುವ ನಿರ್ಧಾರ ಮಾಡಬೇಡಿ. ಎರಡು ವಾರ ಕೊಡಿ.

ಅದಾದ ಮೇಲೆ ನನ್ನ ಗಡಿಗಳನ್ನು ಒಂದು ಹಾಳೆಯಲ್ಲಿ ಬರೆದೆ. ಗೇರ್‌ಬಾಕ್ಸ್ ಬಿಚ್ಚಬೇಕಾಗಿ ಬಂದರೆ ಮಾರುವುದು. ಹೆಡ್ ಗ್ಯಾಸ್ಕೆಟ್ ಮತ್ತೆ ಸೋರಿದರೆ ಮಾರುವುದು. ಚಾಸಿಯಲ್ಲಿ ತುಕ್ಕು ಕಂಡರೆ ಮಾರುವುದು. ಅದೇ ನೂರರ ಲೆಕ್ಕದಲ್ಲಿ ಒಂದು ವರ್ಷದ ರಿಪೇರಿ 40 ದಾಟಿದರೆ ಮಾರುವುದು. ಹೆಂಡತಿ ಇನ್ನೊಂದು ಸೇರಿಸಿದಳು: ದಾರಿ ಮಧ್ಯೆ ಎರಡು ಸಲ ನಿಂತರೆ ಮಾರುವುದು. ಅವಳ ಮಾತು ಸರಿ. ಮಕ್ಕಳನ್ನು ಕೂರಿಸಿಕೊಂಡು ಹೊರಡುವಾಗ ಎದೆ ಡವಡವ ಅನ್ನುತ್ತಿದ್ದರೆ ಯಾವ ಉಳಿತಾಯವೂ ಬೇಡ. ಇದನ್ನೆಲ್ಲ ಕಾರು ಚೆನ್ನಾಗಿರುವಾಗಲೇ ಬರೆದಿಡಬೇಕು. ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿರುವಾಗ "ಇದೊಂದು ಸಲ ಮಾಡಿಸಿಬಿಡೋಣ" ಅಂತಲೇ ಅನ್ನಿಸುತ್ತದೆ.

ಜೊತೆಗೆ ತಿಂಗಳು ತಿಂಗಳು 3ರಂತೆ ಬೇರೆ ಖಾತೆಗೆ ಹಾಕತೊಡಗಿದೆ. ರಿಪೇರಿ ಬಂದರೆ ಅದರಿಂದ, ಬಾರದಿದ್ದರೆ ಮುಂದಿನ ಕಾರಿಗೆ.

ಇದಾಗಿ ಎರಡು ವರ್ಷವಾಯಿತು. ಮೊದಲ ವರ್ಷ ಟೈರ್, ಬುಷ್ ಬಿಟ್ಟು ಬಂದ ಖರ್ಚು ಒಂದು ಬ್ಯಾಟರಿ. ಎರಡನೇ ವರ್ಷ ಹಿಂದಿನ ಶಾಕ್ ಅಬ್ಸಾರ್ಬರ್ ಜೋಡಿ. ದಾರಿಯಲ್ಲಿ ನಿಂತಿದ್ದು ಒಂದೇ ಸಲ, ಅದೇ ಬ್ಯಾಟರಿ ಹೋದಾಗ. ಈಗ ಮೀಟರ್ 1,41,000 ತೋರಿಸುತ್ತಿದೆ. ಎರಡನೇ ಗೇರಿನ ಕರಕರ ಮೊದಲು ಒಮ್ಮೊಮ್ಮೆ ಇತ್ತು, ಈಗ ದಿನಾ ಕೇಳುತ್ತದೆ. ಗೇರ್ ಆಯಿಲ್ ಬದಲಾಯಿಸಿ ನೋಡಿದೆ, ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಇನ್ನು ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ, ಹಾಳೆಯ ಮೊದಲ ಸಾಲು ಇದೇ. ಅದಕ್ಕೆ ಹೋದ ವಾರದಿಂದ ಬೇರೆ ಕಾರು ನೋಡಲು ಶುರು ಮಾಡಿದ್ದೇವೆ. ಕೊಳ್ಳಲು ಬರುವವರಿಗೆ ತೋರಿಸಲು ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ, ಮೇಲಿನ ಹಾಳೆಯಲ್ಲಿ ಎರಡನೇ ಗೇರಿನ ವಿಷಯವನ್ನು ಮೊದಲೇ ಬರೆದಿಟ್ಟಿದ್ದೇನೆ.