ಪ್ರಾಜೆಕ್ಟ್ ನಿರ್ವಹಣೆಯ ತಂತ್ರಾಂಶ ಬದಲಿಸುವಾಗ: ತಯಾರಿಯಿಂದ ಹಳೆಯದನ್ನು ಮುಚ್ಚುವವರೆಗೆ

ಮೊದಲು ಹಳೆಯ ತಂತ್ರಾಂಶದ ಲೈಸೆನ್ಸ್ ಯಾವತ್ತು ಮುಗಿಯುತ್ತದೆ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ನೂರು ಜನರ ಸಂಸ್ಥೆಗೆ ತಯಾರಿ, ತಾಲೀಮು, ಹಳೆಯದರಿಂದ ಹೊಸದಕ್ಕೆ ದತ್ತಾಂಶದ ಸಾಗಣೆ ಎಲ್ಲ ಸೇರಿ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಆಮೇಲೂ ಮೂರು ತಿಂಗಳಾದರೂ ಹಳೆಯದು ಓದಲು ಸಿಗುತ್ತಿರಬೇಕು. ಹಾಗಾಗಿ ಅರ್ಧ ವರ್ಷ ಮೊದಲೇ ಕೈಹಾಕಬೇಕು. ಕೆಲವೊಮ್ಮೆ ಗಡುವು ತಯಾರಕರ ಕಡೆಯಿಂದಲೇ ಬರುತ್ತದೆ. ಜಿರಾ ಎಂಬ ಇಂಥದೇ ತಂತ್ರಾಂಶದ ಸರ್ವರ್ ಆವೃತ್ತಿಗೆ (ಸಂಸ್ಥೆಯ ಸ್ವಂತ ಸರ್ವರ್‌ನಲ್ಲಿ ಓಡುವಂಥದು) ಬೆಂಬಲ ನಿಲ್ಲಿಸುವುದಾಗಿ ಅದರ ತಯಾರಕ ಅಟ್ಲಾಸಿಯನ್ 2020ರಲ್ಲೇ ಪ್ರಕಟಿಸಿ, 2024ರ ಫೆಬ್ರುವರಿ 15ಕ್ಕೆ ನಿಲ್ಲಿಸಿತು. ಅಷ್ಟು ಉದ್ದದ ಸಮಯ ಸಿಗುತ್ತದೆಂದು ಎಣಿಸಿ ಕೂರಬೇಡಿ.

ಇಡೀ ಕೆಲಸಕ್ಕೆ ಒಬ್ಬರೇ ಹೊಣೆಗಾರರಿರಲಿ, ಪ್ರತಿ ತಂಡದಿಂದ ಒಬ್ಬರು ಅವರ ಜೊತೆಗಿರಲಿ. ತಂಡದಿಂದ ಬರುವವರು ಮ್ಯಾನೇಜರ್ ಆಗಿರಬೇಕಿಲ್ಲ. ದಿನವೂ ಬೋರ್ಡ್ (ಟಾಸ್ಕ್‌ಗಳನ್ನು ಹಂತವಾರು ತೋರಿಸುವ ಪುಟ) ತೆರೆದು ಟಾಸ್ಕ್ ಸರಿಸುವವರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಏನು ಒಯ್ಯಬೇಕು, ಏನು ಬಿಡಬೇಕು

ಎಲ್ಲವನ್ನೂ ಒಯ್ಯುವ ಆಸೆ ಬಿಡಿ. ನಡೆಯುತ್ತಿರುವ ಪ್ರಾಜೆಕ್ಟ್‌ಗಳ ತೆರೆದ ಟಾಸ್ಕ್‌ಗಳು ಮತ್ತು ಕಳೆದ ಒಂದು ವರ್ಷದಲ್ಲಿ ಮುಗಿದವು ಸಾಕು. ಉಳಿದದ್ದನ್ನು ಕಡತವಾಗಿ ತೆಗೆದಿಟ್ಟುಕೊಳ್ಳಿ. ಆರು ತಿಂಗಳಿಂದ ಯಾರೂ ಮುಟ್ಟದ ತೆರೆದ ಟಾಸ್ಕ್‌ಗಳ ಪಟ್ಟಿಯನ್ನು ತಂಡಗಳಿಗೆ ಕಳಿಸಿ, ಎರಡು ವಾರದೊಳಗೆ ಯಾರೂ ತಮ್ಮದೆನ್ನದಿದ್ದರೆ ಮುಚ್ಚಲಾಗುವುದು ಎಂದು ತಿಳಿಸಿ. ಈ ಶುಚಿ ಹಳೆಯ ತಂತ್ರಾಂಶದಲ್ಲೇ ಮುಗಿಯಬೇಕು. ಹೊಸದಕ್ಕೆ ಹೋದ ಮೇಲೆ ಮಾಡೋಣ ಎಂದುಕೊಂಡ ಕೆಲಸ ಆಗುವುದೇ ಇಲ್ಲ.

ನಂತರ ಸ್ಟೇಟಸ್‌ಗಳಿಗೆ, ಅಂದರೆ ಟಾಸ್ಕ್ ಯಾವ ಹಂತದಲ್ಲಿದೆ ಎಂದು ಹೇಳುವ ಗುರುತುಗಳಿಗೆ ಬನ್ನಿ. ಸಾಗಣೆಯಲ್ಲಿ ಅತಿ ಹೆಚ್ಚು ವಾದ ನಡೆಯುವುದು ಇಲ್ಲೇ, ನಡೆಯಲೂಬೇಕು. ವರ್ಷಗಳ ಬಳಕೆಯಲ್ಲಿ ಪ್ರತಿ ತಂಡವೂ ತನ್ನದೊಂದು ಸ್ಟೇಟಸ್ ಸೇರಿಸಿಕೊಂಡಿರುತ್ತದೆ. ಒಂದು ತಂಡಕ್ಕೆ ‘ಮುಗಿದಿದೆ’ ಎಂದರೆ ಗ್ರಾಹಕರ ಕೈ ಸೇರಿದ್ದು, ಇನ್ನೊಂದಕ್ಕೆ ಪರೀಕ್ಷೆಗೆ ಹೋದದ್ದು. ಇವೆರಡನ್ನೂ ಹೊಸದರ ಒಂದೇ ಸ್ಟೇಟಸ್‌ಗೆ ಸುರಿದರೆ ಮೊದಲ ವರದಿಯೇ ತಪ್ಪು ಹೇಳುತ್ತದೆ, ಆಮೇಲೆ ಯಾರೂ ಅದನ್ನು ನಂಬುವುದಿಲ್ಲ. ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ: ಹಳೆಯ ಸ್ಟೇಟಸ್, ಅದರಲ್ಲಿರುವ ಟಾಸ್ಕ್‌ಗಳ ಸಂಖ್ಯೆ, ಹೊಸ ಸ್ಟೇಟಸ್. ಹೊಸ ಕಡೆ ಐದಾರಕ್ಕಿಂತ ಹೆಚ್ಚು ಬೇಡ. ಕಸ್ಟಮ್ ಫೀಲ್ಡ್‌ಗಳಿಗೂ (ಟಾಸ್ಕ್‌ನಲ್ಲಿ ತಂಡಗಳು ತಾವೇ ಸೇರಿಸಿಕೊಂಡ ಮಾಹಿತಿಯ ಖಾನೆಗಳು) ಇಂಥದೇ ಹಾಳೆ ಬೇಕು. ನೂರಕ್ಕೆ ಐದಕ್ಕಿಂತ ಕಡಿಮೆ ಟಾಸ್ಕ್‌ಗಳಲ್ಲಿ ತುಂಬಿದ ಫೀಲ್ಡನ್ನು, ಕಾನೂನು ಅಥವಾ ಬಿಲ್ಲಿಂಗ್‌ಗೆ ಬೇಕಿಲ್ಲದಿದ್ದರೆ, ಬಿಟ್ಟುಬಿಡಿ.

ಒಂದು ಹೊಸ ಫೀಲ್ಡ್ ಮಾತ್ರ ಮರೆಯದೆ ಸೇರಿಸಿ: ‘ಹಳೆಯ ಐಡಿ’. ಇಮೇಲ್‌ಗಳಲ್ಲಿ, ದಾಖಲೆಗಳಲ್ಲಿ, ಗಿಟ್ ಕಮಿಟ್ ಸಂದೇಶಗಳಲ್ಲಿ (ಕೋಡ್ ಬದಲಿಸಿದಾಗ ಬರೆಯುವ ಟಿಪ್ಪಣಿಗಳು) ಹಳೆಯ ನಂಬರ್‌ಗಳೇ ಹರಡಿರುತ್ತವೆ. ಅವನ್ನು ಹಿಡಿದು ಹೊಸ ಟಾಸ್ಕ್ ಹುಡುಕಲು ಬೇರೆ ದಾರಿಯಿಲ್ಲ.

ಎಕ್ಸ್‌ಪೋರ್ಟ್‌ನಲ್ಲಿ ಸಿಗದವು

ಎಕ್ಸ್‌ಪೋರ್ಟ್ ಗುಂಡಿ ಒತ್ತಿದರೆ ಎಲ್ಲ ಬಂತೆಂದು ಭಾವಿಸಬೇಡಿ. ಸಿಎಸ್‌ವಿ ಕಡತದಲ್ಲಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿ) ಅಟ್ಯಾಚ್‌ಮೆಂಟ್ ಇರುವುದಿಲ್ಲ, ಇದ್ದರೂ ಅದರ ಕೊಂಡಿ ಮಾತ್ರ. ಹಳೆಯ ಖಾತೆ ಮುಚ್ಚಿದ ದಿನ ಆ ಕೊಂಡಿಗಳೂ ಸಾಯುತ್ತವೆ. ಟ್ರೆಲ್ಲೊ ಎಂಬ ತಂತ್ರಾಂಶದ ಬೋರ್ಡನ್ನು ಜೇಸನ್ ಎಂಬ ಪಠ್ಯರೂಪದಲ್ಲಿ ತೆಗೆದ ಎಕ್ಸ್‌ಪೋರ್ಟ್ ಇತ್ತೀಚಿನ 1,000 ಚಟುವಟಿಕೆಗಳನ್ನಷ್ಟೇ ಕೊಡುತ್ತದೆ. ಅಲ್ಲಿ ಕಾಮೆಂಟ್ ಕೂಡ ಚಟುವಟಿಕೆಯೇ ಆದ್ದರಿಂದ ದೊಡ್ಡ ಬೋರ್ಡಿನ ಹಳೆಯ ಮಾತುಕತೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಇಂಥ ಕಡೆ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ದತ್ತಾಂಶ ಕೇಳುವ ದಾರಿ) ಮೂಲಕವೇ ಎಳೆದುಕೊಳ್ಳಬೇಕು.

ಎಪಿಐಗೆ ವೇಗದ ಮಿತಿಯಿದೆ. 20,000 ಟಾಸ್ಕ್‌ಗಳಿಗೆ ತಲಾ ನಾಲ್ಕು ಕರೆ (ಎಪಿಐಗೆ ಕಳಿಸುವ ಕೋರಿಕೆ) ಎಂದರೆ 80,000 ಕರೆ. ನಿಮಿಷಕ್ಕೆ 150ರ ಮಿತಿಯಿದ್ದರೆ ಸುಮಾರು ಒಂಬತ್ತು ಗಂಟೆ ಬೇಕು. ಮಿತಿ ಮೀರಿದರೆ ಸರ್ವರ್ 429 ಎಂಬ ಉತ್ತರ ಕಳಿಸುತ್ತದೆ. ದತ್ತಾಂಶ ಎಳೆಯುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಅದನ್ನು ಕಂಡಾಗ ಕಾದು ಮತ್ತೆ ಕೇಳಬೇಕು. ಆ ಟಾಸ್ಕ್ ಬಿಟ್ಟು ಮುಂದಕ್ಕೆ ಹೋಗುವ ಸ್ಕ್ರಿಪ್ಟಿನಿಂದ ದತ್ತಾಂಶದಲ್ಲಿ ಅಲ್ಲಲ್ಲಿ ತೂತು ಬೀಳುತ್ತದೆ, ಅದು ಬೇಗ ಕಣ್ಣಿಗೂ ಬೀಳುವುದಿಲ್ಲ.

ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದು, ಸೇವ್ ಮಾಡಿ, ಅದನ್ನೇ ಇಂಪೋರ್ಟ್ ಮಾಡುವುದು ಬಹಳ ಕಡೆ ನಡೆಯುವ ತಪ್ಪು. 007 ಎಂಬ ಕೋಡ್ 7 ಆಗುತ್ತದೆ. 3-4 ಎಂದು ಬರೆದದ್ದು ದಿನಾಂಕವಾಗಿಬಿಡುತ್ತದೆ. ಒಂದು ಸೆಲ್‌ನಲ್ಲಿ 32,767 ಅಕ್ಷರಗಳಷ್ಟೇ ಹಿಡಿಯುವುದರಿಂದ ಉದ್ದದ ವಿವರಣೆ ಒಂದೇ ಸೆಲ್‌ನಲ್ಲಿ ಉಳಿಯುವುದಿಲ್ಲ. ಕಡತ ಯುಟಿಎಫ್-8ನಲ್ಲಿದೆ (ಎಲ್ಲ ಭಾಷೆಗಳ ಅಕ್ಷರ ಹಿಡಿಯುವ ಸಂಕೇತಕ್ರಮ) ಎಂದು ಎಕ್ಸೆಲ್ ಗುರುತಿಸಿಕೊಳ್ಳದಿದ್ದರೆ ಕನ್ನಡ ಅಕ್ಷರಗಳು ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಮೂಲ ಕಡತವನ್ನು ಮುಟ್ಟಬೇಡಿ. ತಿದ್ದುವುದೆಲ್ಲ ಸ್ಕ್ರಿಪ್ಟ್‌ನಲ್ಲಿ ಆಗಲಿ, ಮತ್ತೆ ಓಡಿಸಿದಾಗ ಅದೇ ಫಲಿತಾಂಶ ಬರಲಿ.

ದಿನಾಂಕಗಳನ್ನು 2025-04-03 ಎಂಬ ರೂಪಕ್ಕೆ ತನ್ನಿ. 03/04/2025 ಎಂದಿದ್ದರೆ ಅದು ಏಪ್ರಿಲ್ 3 ಎಂದು ಒಂದು ತಂತ್ರಾಂಶವೂ ಮಾರ್ಚ್ 4 ಎಂದು ಇನ್ನೊಂದೂ ಓದಿಕೊಳ್ಳುತ್ತವೆ. ತಿಂಗಳ 12ನೇ ತಾರೀಖಿನವರೆಗೆ ಯಾವ ದೋಷಸಂದೇಶವೂ ಬರುವುದಿಲ್ಲ, 13ರಿಂದಾಚೆಗಷ್ಟೇ ಇಂಪೋರ್ಟ್ ತಕರಾರು ತೆಗೆಯುತ್ತದೆ. ಕೊನೆಯ ದಿನಾಂಕಗಳೆಲ್ಲ ಒಂದು ದಿನ ಹಿಂದಕ್ಕೆ ಸರಿದಿದ್ದರೆ ಟೈಮ್‌ಜೋನ್ ನೋಡಿ. ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಸಮಯ) ಮುಂದಿರುವ ಕಡೆಯ ಮಧ್ಯರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನವೇ ಆಗಿರುತ್ತದೆ.

ತಾಲೀಮು

ಕನಿಷ್ಠ ಎರಡು ಸಲ ಪೂರ್ತಿ ದತ್ತಾಂಶದೊಂದಿಗೆ ತಾಲೀಮು ಮಾಡಿ. ಹತ್ತು ಟಾಸ್ಕ್ ಹಾಕಿ ನೋಡಿ ಸರಿಯಿದೆ ಎನ್ನುವುದು ತಾಲೀಮಲ್ಲ. ಇಂಪೋರ್ಟ್‌ಗೆ ಮುನ್ನ ಹೊಸ ತಂತ್ರಾಂಶದ ನೋಟಿಫಿಕೇಶನ್ ಮತ್ತು ಆಟೊಮೇಶನ್ (ತಾನಾಗಿ ನಡೆಯುವ ಕೆಲಸಗಳ) ನಿಯಮಗಳನ್ನು ನಿಲ್ಲಿಸಿಡಿ, ಇಲ್ಲದಿದ್ದರೆ ಪ್ರತಿ ಟಾಸ್ಕ್‌ಗೂ ಒಂದು ಇಮೇಲ್ ಹೋಗುತ್ತದೆ, ಜನ ಮೊದಲ ದಿನವೇ ಎಲ್ಲ ನೋಟಿಫಿಕೇಶನ್ ಮುಚ್ಚಿಬಿಡುತ್ತಾರೆ.

ಕ್ರಮ ಹೀಗಿರಲಿ: ಬಳಕೆದಾರರು, ಪ್ರಾಜೆಕ್ಟ್‌ಗಳು, ಮೂಲ ಟಾಸ್ಕ್‌ಗಳು, ಉಪಟಾಸ್ಕ್‌ಗಳು, ಕಾಮೆಂಟ್ ಮತ್ತು ಅಟ್ಯಾಚ್‌ಮೆಂಟ್, ಕೊನೆಗೆ ಟಾಸ್ಕ್‌ಗಳ ನಡುವಿನ ಅವಲಂಬನೆ. ಮೂಲ ಟಾಸ್ಕ್‌ಗೆ ಹೊಸ ಐಡಿ ಸಿಗುವವರೆಗೆ ಉಪಟಾಸ್ಕ್ ಅದಕ್ಕೆ ಅಂಟಿಕೊಳ್ಳಲಾರದು. ಕೆಲಸ ಬಿಟ್ಟುಹೋದವರ ಟಾಸ್ಕ್‌ಗಳಿಗೆ ‘ಹಿಂದಿನ ಸದಸ್ಯರು’ ಎಂಬ ಒಂದು ಖಾತೆ ತೆರೆದು ಮೂಲ ಹೆಸರನ್ನು ವಿವರಣೆಯಲ್ಲಿ ಬರೆಯಿಸಿ. ಹಲವು ತಂತ್ರಾಂಶಗಳಲ್ಲಿ ಕಾಮೆಂಟ್‌ಗಳೆಲ್ಲ ಇಂಪೋರ್ಟ್ ಮಾಡಿದವರ ಹೆಸರಿನಲ್ಲಿ, ಇಂದಿನ ದಿನಾಂಕದಲ್ಲಿ ಬಂದು ಕೂರುತ್ತವೆ. ಹಾಗಾದರೆ ಪ್ರತಿ ಕಾಮೆಂಟಿನ ಮೊದಲ ಸಾಲಿನಲ್ಲಿ ಬರೆದವರ ಹೆಸರು, ದಿನಾಂಕ ಸೇರಿಸಿ.

ಪರಿಶೀಲನೆಗೆ ಒಟ್ಟು ಸಂಖ್ಯೆ ಹೊಂದಿದರೆ ಸಾಲದು. ಪ್ರಾಜೆಕ್ಟ್‌ವಾರು, ಸ್ಟೇಟಸ್‌ವಾರು ಎಣಿಸಿ. ಜೊತೆಗೆ ಕಷ್ಟದ ಟಾಸ್ಕ್‌ಗಳನ್ನೇ ಆರಿಸಿ ಕಣ್ಣಾರೆ ನೋಡಿ: ಅತಿ ಹಳೆಯದು, ಅತಿ ಹೆಚ್ಚು ಕಾಮೆಂಟ್ ಇರುವುದು, ವಿವರಣೆಯೊಳಗೆ ಟೇಬಲ್ ಅಥವಾ ಕೋಡ್ ಇರುವುದು, ಕನ್ನಡದಲ್ಲಿ ಬರೆದದ್ದು. ಜಿರಾದ ಹಳೆಯ ವಿಕಿ ಬರವಣಿಗೆಯಲ್ಲಿ ಎರಡೂ ಬದಿ ಒಂದೊಂದು ನಕ್ಷತ್ರ ಚಿಹ್ನೆಯಿರುವ ಪದ ದಪ್ಪಕ್ಷರ, ಮಾರ್ಕ್‌ಡೌನ್‌ ಎಂಬ ಇನ್ನೊಂದು ಬರವಣಿಗೆ ಕ್ರಮದಲ್ಲಿ ಅದೇ ಓರೆ ಅಕ್ಷರ. ಇಂಥವು ತೆರೆದು ನೋಡಿದರಷ್ಟೇ ಸಿಗುತ್ತವೆ.

ತಾಲೀಮಿನ ನಡುವೆಯೇ ಎಂಟು ಹತ್ತು ಜನರ ಒಂದು ತಂಡ ಎರಡರಿಂದ ನಾಲ್ಕು ವಾರ ಹೊಸದರಲ್ಲಿ ನಿಜವಾದ ಕೆಲಸ ಮಾಡಲಿ. ಅವರಿಂದ ಬಂದ ಪ್ರಶ್ನೆಗಳೇ ಉಳಿದವರ ತರಬೇತಿಯ ಪಾಠ.

ಬದಲಾಯಿಸುವ ದಿನ

ಎರಡನ್ನೂ ಸ್ವಲ್ಪ ದಿನ ಜೊತೆಯಾಗಿ ನಡೆಸೋಣ ಎಂಬ ಸಲಹೆ ಬಂದೇ ಬರುತ್ತದೆ. ಒಪ್ಪಬೇಡಿ. ಒಂದೇ ಟಾಸ್ಕ್ ಎರಡು ಕಡೆ ಬೇರೆ ಬೇರೆ ಸ್ಥಿತಿಯಲ್ಲಿದ್ದಾಗ ಯಾವುದು ನಿಜವೆಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಒಂದೊಂದೇ ಪ್ರಾಜೆಕ್ಟ್ ಸಾಗಿಸುವುದಾದರೆ ಸಾಗಿಸಿ, ಆದರೆ ಸಾಗಿದ ಪ್ರಾಜೆಕ್ಟಿಗೆ ಹಳೆಯದರಲ್ಲಿ ಬರೆಯುವ ಅನುಮತಿ ಅಂದೇ ತೆಗೆಯಿರಿ.

ತಿಂಗಳ ಕೊನೆ, ದೊಡ್ಡ ಬಿಡುಗಡೆಯ ವಾರ ಬೇಡ. ರಜೆಯ ಹಿಂದಿನ ಸಂಜೆ ಹಳೆಯದನ್ನು ಓದಲು ಮಾತ್ರ ಎಂದು ಮಾಡಿ, ಕೊನೆಯ ಎಕ್ಸ್‌ಪೋರ್ಟ್ ತೆಗೆದು, ಇಂಪೋರ್ಟ್ ಓಡಿಸಿ. ಯಾವ ಹೊತ್ತಿನೊಳಗೆ ಎಣಿಕೆ ಹೊಂದದಿದ್ದರೆ ಹಿಂದಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಡುರಾತ್ರಿ ದಣಿದವರು ಆ ನಿರ್ಧಾರ ಮಾಡುವಂತಾಗಬಾರದು. ಎಲ್ಲ ಸರಿಯಿದ್ದರೆ ನೋಟಿಫಿಕೇಶನ್ ಮತ್ತೆ ಹಚ್ಚಿ, ಹಳೆಯದರ ಮೊದಲ ಪುಟದಲ್ಲಿ ಹೊಸದರ ವಿಳಾಸ ಹಾಕಿ.

ಮೊದಲ ಎರಡು ವಾರ ಸಹಾಯಕ್ಕೆ ಒಬ್ಬರು ಪೂರ್ತಿ ಸಿಗುವಂತಿರಲಿ. ಯಾವುದಾದರೂ ತಂಡ ಮತ್ತೆ ಸ್ಪ್ರೆಡ್‌ಶೀಟ್‌ಗೆ ಜಾರುತ್ತಿದೆಯೇ ಗಮನಿಸಿ. ಜಾರಿದ್ದರೆ ಅವರಿಗೆ ಬೇಕಾದ ಒಂದು ನೋಟವೋ ವರದಿಯೋ ಹೊಸದರಲ್ಲಿ ಇಲ್ಲ ಎಂದರ್ಥ, ಗದರುವುದರ ಬದಲು ಅದನ್ನು ಕಟ್ಟಿಕೊಡಿ.

ಹಳೆಯ ಖಾತೆ ಮುಚ್ಚುವ ಮುನ್ನ ಪೂರ್ತಿ ಎಕ್ಸ್‌ಪೋರ್ಟ್ ಮತ್ತು ಅಟ್ಯಾಚ್‌ಮೆಂಟ್‌ಗಳನ್ನು ಎರಡು ಬೇರೆ ಜಾಗಗಳಲ್ಲಿ ಇಟ್ಟು, ಒಂದನ್ನಾದರೂ ತೆರೆದು ಓದಿ ನೋಡಿ. ಹಳೆಯದಕ್ಕೆ ಕೊಟ್ಟಿದ್ದ ಎಪಿಐ ಟೋಕನ್‌ಗಳನ್ನೂ (ಪ್ರವೇಶದ ಕೀಲಿಗಳು) ವೆಬ್‌ಹುಕ್‌ಗಳನ್ನೂ (ಬದಲಾವಣೆಯಾದಾಗ ಬೇರೆ ತಂತ್ರಾಂಶಕ್ಕೆ ತಾನಾಗಿ ಸುದ್ದಿ ಕಳಿಸುವ ಕೊಂಡಿಗಳು) ರದ್ದು ಮಾಡಿ. ಲೈಸೆನ್ಸ್ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ನಿಲ್ಲಿಸಿದ್ದೀರಾ ಎಂದೂ ಹಣಕಾಸು ವಿಭಾಗದವರೊಡನೆ ಖಚಿತಪಡಿಸಿಕೊಳ್ಳಿ.